ಸೀಸರಹಿತ ಪೀಜೋ ಸೆರಾಮಿಕ್: ಚಿಟಿಕೆ ಬೆರಕೆಯ ಜಮಾ-ಖರ್ಚು

ಅಡುಗೆಮನೆಯ ಗ್ಯಾಸ್ ಲೈಟರ್‌ನ ಕಿಡಿ, ಕಾರಿನ ಹಿಂಬದಿಯ ಪಾರ್ಕಿಂಗ್ ಸೆನ್ಸರ್, ಯುಪಿಎಸ್‌ನಲ್ಲಿ ಕೂಗುವ ಬಝರ್, ದಂತವೈದ್ಯರ ಸ್ಕೇಲರ್, ಯಂತ್ರಭಾಗಗಳನ್ನು ತೊಳೆಯುವ ಅಲ್ಟ್ರಾಸಾನಿಕ್ ತೊಟ್ಟಿ ಇವೆಲ್ಲವುಗಳ ಒಳಗೆ ಕೆಲಸ ಮಾಡುವುದು ಒಂದು ಸಣ್ಣ ಸೆರಾಮಿಕ್ ಬಿಲ್ಲೆ. ಒತ್ತಿದರೆ ವಿದ್ಯುತ್ ನೀಡುವ, ವಿದ್ಯುತ್ ಕೊಟ್ಟರೆ ಹಿಗ್ಗಿ ಕುಗ್ಗುವ ಈ ಗುಣಕ್ಕೆ ಪೀಜೋ ವಿದ್ಯುತ್ ಎಂದು ಹೆಸರು. 1880ರಲ್ಲಿ ಫ್ರಾನ್ಸಿನ ಸಹೋದರರಾದ ಜಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ ಇದನ್ನು ಹರಳುಗಳಲ್ಲಿ ಗುರುತಿಸಿದರು. ಇಂದು ಮಾರುಕಟ್ಟೆಯಲ್ಲಿರುವ ಬಹುಪಾಲು ಪೀಜೋ ಬಿಲ್ಲೆಗಳು ಸೀಸ, ಜಿರ್ಕೋನಿಯಂ ಮತ್ತು ಟೈಟಾನಿಯಂ ಆಕ್ಸೈಡ್‌ಗಳಿಂದಾದ ಪಿಜಡ್‌ಟಿ ಎಂಬ ಪದಾರ್ಥದಿಂದ ತಯಾರಾದವು.

ರಾಜಾಜಿನಗರ ಕೈಗಾರಿಕಾ ವಸಾಹತು, ಯಶವಂತಪುರ, ಪೀಣ್ಯ ಹಾಗೂ ಮಾಗಡಿ ರಸ್ತೆಯ ಸಣ್ಣ ಘಟಕಗಳಲ್ಲಿ ಇಂತಹ ಬಿಲ್ಲೆಯನ್ನು ಕೊಂಡು ತಮ್ಮ ಉತ್ಪನ್ನದಲ್ಲಿ ಜೋಡಿಸುವವರಿಗೂ, ಮುಂದೆ ತಾವೇ ತಯಾರಿಸುವ ಆಲೋಚನೆ ಉಳ್ಳವರಿಗೂ ಇದೀಗ ಒಂದು ಪ್ರಶ್ನೆ ಎದುರಾಗಿದೆ. ಸೀಸವಿಲ್ಲದ ಬಿಲ್ಲೆ ಪಿಜಡ್‌ಟಿಯ ಕೆಲಸ ಮಾಡಬಲ್ಲದೆ? ಮಾಡುವುದಾದರೆ ಯಾವ ಬೆಲೆಗೆ? ಉತ್ತರವು ಬಹುಮಟ್ಟಿಗೆ ಡೋಪಿಂಗ್, ಅಂದರೆ ಉದ್ದೇಶಪೂರ್ವಕವಾಗಿ ಸೇರಿಸುವ ಅತ್ಯಲ್ಪ ಬೆರಕೆಯ ಮೇಲೆ ನಿಂತಿದೆ. ಬೆರಕೆಯ ವಿಜ್ಞಾನವನ್ನೂ ಅದರ ವೆಚ್ಚದ ಲೆಕ್ಕವನ್ನೂ ಒಟ್ಟಿಗೆ ಅರಿಯದಿದ್ದರೆ ಹಣ ಕಳೆದುಕೊಳ್ಳುವ ಸಂಭವವೇ ಹೆಚ್ಚು.

ಸೀಸದ ಪ್ರಶ್ನೆ ಎದ್ದುದೇಕೆ?

ಪಿಜಡ್‌ಟಿಯ ತೂಕದಲ್ಲಿ ಸುಮಾರು ಶೇ. 63ರಷ್ಟು ಸೀಸವೇ ಇರುತ್ತದೆ. ಸೀಸವು ನರಮಂಡಲಕ್ಕೆ, ವಿಶೇಷವಾಗಿ ಮಕ್ಕಳಿಗೆ, ಹಾನಿಕರ. ಕುಲುಮೆಯ ಶಾಖದಲ್ಲಿ ಸೀಸದ ಆಕ್ಸೈಡ್ ಆವಿಯಾಗುವುದರಿಂದ ಮೊದಲ ಅಪಾಯ ಕುಲುಮೆಯ ಬಳಿ ನಿಂತ ಕಾರ್ಮಿಕನಿಗೇ.

ಐರೋಪ್ಯ ಒಕ್ಕೂಟದ ರೋಹ್ಸ್ ನಿರ್ದೇಶನವು 2006ರ ಜುಲೈ 1ರಿಂದ ವಿದ್ಯುನ್ಮಾನ ಉಪಕರಣಗಳಲ್ಲಿ ಸೀಸವನ್ನು ತೂಕದ ಶೇ. 0.1ಕ್ಕೆ ಮಿತಿಗೊಳಿಸಿತು. ಈ ಮಿತಿಯು ಇಡೀ ಉಪಕರಣದ ತೂಕಕ್ಕೆ ಅನ್ವಯಿಸುವುದಲ್ಲ, ಅದರೊಳಗಿನ ಪ್ರತಿಯೊಂದು ಏಕರೂಪದ ಪದಾರ್ಥಕ್ಕೂ ಪ್ರತ್ಯೇಕವಾಗಿ ಅನ್ವಯಿಸುತ್ತದೆ. ಎರಡು ಕಿಲೋ ತೂಕದ ಯಂತ್ರದಲ್ಲಿ ಒಂದು ಗ್ರಾಂ ಬಿಲ್ಲೆ ಇದ್ದರೂ ಪರೀಕ್ಷೆಗೆ ಒಳಗಾಗುವುದು ಆ ಬಿಲ್ಲೆಯೇ. ಪಿಜಡ್‌ಟಿಗೆ ಸಮಾನವಾದ ಬದಲಿ ಇಲ್ಲವೆಂಬ ಕಾರಣಕ್ಕೆ ಪೀಜೋ ಸೆರಾಮಿಕ್‌ಗೆ ವಿನಾಯಿತಿ ನೀಡಲಾಯಿತು. ಆದರೆ ಈ ವಿನಾಯಿತಿ ಶಾಶ್ವತವಲ್ಲ. ಕಾಲಮಿತಿಗೆ ಒಳಪಟ್ಟು ಆಗಾಗ ಮರುಪರಿಶೀಲನೆಗೆ ಬರುತ್ತದೆ. ನಮ್ಮ ದೇಶದಲ್ಲಿಯೂ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ 2022ರ ಇ-ತ್ಯಾಜ್ಯ ನಿಯಮಗಳಲ್ಲಿ ಸೀಸಕ್ಕೆ ಇದೇ ಶೇ. 0.1ರ ಮಿತಿಯೂ ವಿನಾಯಿತಿಗಳ ಪಟ್ಟಿಯೂ ಇವೆ. ರಫ್ತುದಾರರಿಗೆ ಸರಕು ಸರಬರಾಜು ಮಾಡುವ ಸಣ್ಣ ಘಟಕವು ತನ್ನ ಉತ್ಪನ್ನಕ್ಕೆ ಅನ್ವಯಿಸುವ ವಿನಾಯಿತಿಯ ಸಂಖ್ಯೆ ಮತ್ತು ಕೊನೆಯ ದಿನಾಂಕವನ್ನು ಖರೀದಿದಾರನಿಂದ ಬರಹದಲ್ಲಿ ಪಡೆದಿಟ್ಟುಕೊಳ್ಳುವುದು ಜಾಣತನ.

ಡೋಪಿಂಗ್ ಎಂದರೆ ಆವೇಶದ ಜಮಾ-ಖರ್ಚು

ಪೀಜೋ ಸೆರಾಮಿಕ್‌ನ ಹರಳು ಒಂದು ಕ್ರಮಬದ್ಧ ಜೋಡಣೆ. ಅದರಲ್ಲಿ ದೊಡ್ಡ ಲೋಹದ ಅಯಾನುಗಳಿಗೆ ಒಂದು ಸ್ಥಾನ, ಚಿಕ್ಕ ಲೋಹದ ಅಯಾನುಗಳಿಗೆ ಇನ್ನೊಂದು ಸ್ಥಾನ, ಉಳಿದೆಡೆ ಆಮ್ಲಜನಕ. ಧನ ಆವೇಶಗಳ ಮೊತ್ತವೂ ಋಣ ಆವೇಶಗಳ ಮೊತ್ತವೂ ಸಮನಾಗಿರಲೇಬೇಕು. ಅಢಾವೆ ಪತ್ರಿಕೆಯ ಎರಡು ಬದಿಗಳು ತಾಳೆಯಾಗುವಂತೆಯೇ ಇದು ಎಂದು ತಿಳಿಯಬಹುದು.

ನಾಲ್ಕು ಧನಾವೇಶದ ಟೈಟಾನಿಯಂ ಇರಬೇಕಾದ ಸ್ಥಾನದಲ್ಲಿ ಐದು ಧನಾವೇಶದ ನಯೋಬಿಯಂ ಕುಳಿತರೆ ಧನದ ಬದಿಯಲ್ಲಿ ಒಂದು ಹೆಚ್ಚಾಯಿತು. ಹರಳು ಈ ಹೆಚ್ಚುವರಿಯನ್ನು ಸರಿದೂಗಿಸಲು ಬೇರೊಂದು ಲೋಹದ ಸ್ಥಾನವನ್ನು ಖಾಲಿ ಬಿಡುತ್ತದೆ. ಇಂತಹ ಬೆರಕೆಯನ್ನು ದಾನಿ ಎನ್ನುತ್ತಾರೆ. ಹರಳಿನೊಳಗೆ ಒಂದೇ ದಿಕ್ಕಿಗೆ ಧ್ರುವೀಕೃತವಾದ ಪುಟ್ಟ ವಲಯಗಳಿರುತ್ತವೆ; ದಾನಿ ಬೆರಕೆಯಿಂದ ಈ ವಲಯಗಳ ಗಡಿಗಳು ಸುಲಭವಾಗಿ ಜರುಗುತ್ತವೆ. ಆಗ ಬಿಲ್ಲೆ ಮೃದು ಜಾತಿಯದಾಗುತ್ತದೆ. ಸಂವೇದನೆ ಹೆಚ್ಚು, ಶಾಖವಾಗಿ ಪೋಲಾಗುವ ಶಕ್ತಿಯೂ ಹೆಚ್ಚು.

ಇದಕ್ಕೆ ವಿರುದ್ಧವಾಗಿ, ಟೈಟಾನಿಯಂ ಸ್ಥಾನದಲ್ಲಿ ಮೂರು ಧನಾವೇಶದ ಕಬ್ಬಿಣ ಕುಳಿತರೆ ಧನದ ಬದಿಯಲ್ಲಿ ಕೊರತೆ ಬೀಳುತ್ತದೆ. ಅದನ್ನು ತುಂಬಲು ಕೆಲವು ಆಮ್ಲಜನಕ ಸ್ಥಾನಗಳು ಖಾಲಿಯಾಗುತ್ತವೆ. ಇದು ಗ್ರಾಹಿ ಬೆರಕೆ. ಖಾಲಿ ಸ್ಥಾನವೂ ಬೆರಕೆಯ ಅಯಾನೂ ಜೋಡಿಯಾಗಿ ವಲಯಗಳ ಗಡಿಯನ್ನು ಬಿಗಿಹಿಡಿಯುತ್ತವೆ. ಬಿಲ್ಲೆ ಗಡಸು ಜಾತಿಯದಾಗುತ್ತದೆ. ಸಂವೇದನೆ ಕಡಿಮೆಯಾದರೂ ಬಿಸಿಯೇರದೆ ಗಂಟೆಗಟ್ಟಲೆ ಕಂಪಿಸಬಲ್ಲದು.

ಪಿಜಡ್‌ಟಿಯ ಬಗೆಗಳೇ ಇದಕ್ಕೆ ನಿದರ್ಶನ. ಸಂವೇದನೆಯನ್ನು ಡಿ33 ಎಂಬ ಅಂಕದಿಂದ ಅಳೆಯುತ್ತಾರೆ. ಒಂದು ನ್ಯೂಟನ್ ಬಲಕ್ಕೆ ಎಷ್ಟು ಪಿಕೊಕೂಲಂಬ್ ಆವೇಶ ಹೊಮ್ಮುವುದೆಂಬುದೇ ಅದರ ಅರ್ಥ. ಗಡಸು ಜಾತಿಯ ಪಿಜಡ್‌ಟಿ-4ರಲ್ಲಿ ಇದು ಸುಮಾರು 290, ಮೃದು ಜಾತಿಯ ಪಿಜಡ್‌ಟಿ-5ಎಚ್‌ನಲ್ಲಿ ಸುಮಾರು 590. ಆದರೆ ಪೀಜೋ ಗುಣವೇ ಅಳಿಸಿಹೋಗುವ ಕ್ಯೂರಿ ತಾಪ ಮೊದಲನೆಯದಕ್ಕೆ ಸುಮಾರು 330 ಡಿಗ್ರಿ ಸೆಲ್ಸಿಯಸ್ ಇದ್ದರೆ ಎರಡನೆಯದಕ್ಕೆ 190ರ ಆಸುಪಾಸು ಮಾತ್ರ. ಒಂದು ಕಡೆ ಜಮಾ ಆದುದು ಇನ್ನೊಂದು ಕಡೆ ಖರ್ಚಾಗಿಯೇ ತೀರುತ್ತದೆ. ಸೀಸರಹಿತ ಪದಾರ್ಥಗಳಿಗೂ ಇದೇ ನಿಯಮ.

ಮೂರು ಸೀಸರಹಿತ ಕುಟುಂಬಗಳು

*ಬೇರಿಯಂ ಟೈಟನೇಟ್:* 1940ರ ದಶಕದಲ್ಲಿ ಬಳಕೆಗೆ ಬಂದ, ಪಿಜಡ್‌ಟಿಗಿಂತ ಹಳೆಯದಾದ ಪದಾರ್ಥ. ಡಿ33 ಸುಮಾರು 190, ಕ್ಯೂರಿ ತಾಪ ಸುಮಾರು 120 ಡಿಗ್ರಿ. 2009ರಲ್ಲಿ ಲಿಯು ಮತ್ತು ರೆನ್ ಎಂಬ ವಿಜ್ಞಾನಿಗಳು ಇದಕ್ಕೆ ಕ್ಯಾಲ್ಸಿಯಂ ಮತ್ತು ಜಿರ್ಕೋನಿಯಂ ಸೇರಿಸಿ ಡಿ33 ಅನ್ನು 620ಕ್ಕೆ ಏರಿಸಿದರು. ಇದು ಪಿಜಡ್‌ಟಿ-5ಎಚ್ ಅನ್ನೂ ಮೀರಿದ ಅಂಕ. ಆದರೆ ಕ್ಯೂರಿ ತಾಪ 100 ಡಿಗ್ರಿಗಿಂತ ಕೆಳಗಿಳಿಯಿತು. ವಾಹನದ ಇಂಜಿನ್ ಬಳಿ ಇಂತಹ ಬಿಲ್ಲೆ ಬಾಳದು. ಕೋಣೆಯ ತಾಪದಲ್ಲಿ ಕೆಲಸ ಮಾಡುವ ಸಾಧನಗಳಿಗೆ ಮಾತ್ರ ಸೂಕ್ತ.

*ಪೊಟ್ಯಾಸಿಯಂ ಸೋಡಿಯಂ ನಯೋಬೇಟ್ (ಕೆಎನ್‌ಎನ್):* ಕ್ಯೂರಿ ತಾಪ ಸುಮಾರು 420 ಡಿಗ್ರಿ. ಸಾಮಾನ್ಯ ಕುಲುಮೆಯಲ್ಲಿ ಬೆಂದ ಬೆರಕೆಯಿಲ್ಲದ ಬಿಲ್ಲೆಯ ಡಿ33 ಮಾತ್ರ 80ರಷ್ಟೇ. 2004ರಲ್ಲಿ ಜಪಾನಿನ ಟೊಯೋಟಾ ಮತ್ತು ಡೆನ್ಸೊ ಸಂಸ್ಥೆಗಳ ಸಂಶೋಧಕರು ಲಿಥಿಯಂ, ಟ್ಯಾಂಟಲಂ ಮತ್ತು ಆಂಟಿಮನಿ ಬೆರಸಿ ಸುಮಾರು 300ಕ್ಕೂ, ಕಣಗಳನ್ನು ಒಂದೇ ದಿಕ್ಕಿಗೆ ಜೋಡಿಸಿ 416ಕ್ಕೂ ಒಯ್ದರು. ಸೀಸರಹಿತ ಪದಾರ್ಥಗಳ ಬಗೆಗಿನ ಜಾಗತಿಕ ಆಸಕ್ತಿಗೆ ಈ ವರದಿಯೇ ದೊಡ್ಡ ಪ್ರೇರಣೆ. ಇಲ್ಲಿಯೂ ಕ್ಯೂರಿ ತಾಪ 250ರ ಸಮೀಪಕ್ಕೆ ಇಳಿಯಿತು. ತಾಮ್ರದ ಆಕ್ಸೈಡ್ ಬೆರಕೆಯ ಫಲ ಬೇರೆ: ಅದು ಕಡಿಮೆ ಶಾಖದಲ್ಲಿ ಬಿಲ್ಲೆಯನ್ನು ಗಟ್ಟಿಯಾಗಿ ಬೇಯಿಸಲು ನೆರವಾಗುತ್ತದೆ ಮತ್ತು ಬಿಲ್ಲೆಯನ್ನು ಗಡಸಾಗಿಸುತ್ತದೆ. ಕಂಪನದಲ್ಲಿ ಶಕ್ತಿ ಎಷ್ಟು ಕಡಿಮೆ ಪೋಲಾಗುವುದೆಂದು ತಿಳಿಸುವ ಯಾಂತ್ರಿಕ ಗುಣಾಂಕವು ತಾಮ್ರ ಬೆರೆತ ಕೆಎನ್‌ಎನ್‌ನಲ್ಲಿ ಸಾವಿರವನ್ನು ದಾಟಿದ ವರದಿಗಳಿವೆ.

*ಬಿಸ್ಮತ್ ಸೋಡಿಯಂ ಟೈಟನೇಟ್ (ಬಿಎನ್‌ಟಿ):* 1960ರಲ್ಲಿ ರಷ್ಯಾದ ಸ್ಮೊಲೆನ್‌ಸ್ಕಿ ಮತ್ತು ಸಂಗಡಿಗರು ವರದಿ ಮಾಡಿದ ಪದಾರ್ಥ. ಇದಕ್ಕೆ ಶೇ. 6ರಷ್ಟು ಬೇರಿಯಂ ಟೈಟನೇಟ್ ಸೇರಿಸಿದರೆ ಡಿ33 ಸುಮಾರು 125 ಆಗುತ್ತದೆ. ಆದರೆ ಸುಮಾರು 100 ಡಿಗ್ರಿಯಲ್ಲಿಯೇ ಧ್ರುವೀಕರಣ ಸಡಿಲಗೊಳ್ಳುತ್ತದೆ. ಬಿಸ್ಮತ್ ಪ್ರಮಾಣ ಸ್ವಲ್ಪ ಕಡಿಮೆಯಾದರೂ ಬಿಲ್ಲೆ ವಿದ್ಯುತ್ತನ್ನು ಸೋರಲು ಬಿಡುತ್ತದೆ ಎಂಬುದನ್ನು 2014ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ಸಂವೇದನೆ ಕಡಿಮೆ ಇದ್ದರೂ ಅಲ್ಟ್ರಾಸಾನಿಕ್ ಕಂಪನದ ಕೆಲಸಕ್ಕೆ ಈ ಕುಟುಂಬ ಒಗ್ಗುತ್ತದೆ. ಜರ್ಮನಿಯ ಪಿಐ ಸೆರಾಮಿಕ್ ಸಂಸ್ಥೆಯು ಪಿಐಸಿ700 ಎಂಬ ಹೆಸರಿನಲ್ಲಿ ಬಿಎನ್‌ಟಿ ಆಧಾರಿತ ಪದಾರ್ಥವನ್ನು ಮಾರುಕಟ್ಟೆಗೆ ತಂದಿದೆ.

ಎಲ್ಲ ಗುಣಗಳಲ್ಲಿಯೂ ಪಿಜಡ್‌ಟಿಯನ್ನು ಸರಿಗಟ್ಟುವ ಒಂದೇ ಸೀಸರಹಿತ ಪದಾರ್ಥ ಇಲ್ಲವೆಂಬುದು ಇದರಿಂದ ಸ್ಪಷ್ಟ. ಒಂದೊಂದು ಉಪಯೋಗಕ್ಕೆ ಒಂದೊಂದು ಕುಟುಂಬ, ಅದಕ್ಕೆ ತಕ್ಕ ಬೆರಕೆ ಎಂಬುದೇ ಸರಿಯಾದ ದಾರಿ.

ಬೆಂಗಳೂರಿನಲ್ಲಿ ನಡೆದಿರುವ ಕೆಲಸ

ಬೆಂಗಳೂರಿನ ಈ ಭಾಗಕ್ಕೆ ಸೆರಾಮಿಕ್ ಹೊಸ ವಿಷಯವಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ 1932ರಲ್ಲಿ ಆರಂಭವಾದ ಸರ್ಕಾರಿ ಪಿಂಗಾಣಿ ಕಾರ್ಖಾನೆಯು ಮಲ್ಲೇಶ್ವರಂ ಬದಿಯಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಸಮೀಪದಲ್ಲಿಯೇ ಇದ್ದು, 1976ರಲ್ಲಿ ಬಿಎಚ್‌ಇಎಲ್‌ಗೆ ಸೇರಿತು. ಅಲ್ಲಿ ತಯಾರಾದುದು ವಿದ್ಯುತ್ ಮಾರ್ಗಗಳ ಪಿಂಗಾಣಿ ಇನ್ಸುಲೇಟರ್.

ಪೀಜೋ ಸೆರಾಮಿಕ್‌ನ ಸಂಶೋಧನೆ ನಡೆದಿರುವುದು ಮುಖ್ಯವಾಗಿ ಎರಡು ಕಡೆ. ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ ಸಂಸ್ಥೆಯ ಪದಾರ್ಥ ವಿಜ್ಞಾನ ವಿಭಾಗವು ಬಹುಪದರದ ಪಿಜಡ್‌ಟಿ ಸಾಧನಗಳನ್ನು ರೂಪಿಸಿದೆ. ಆ ವಿಭಾಗದ ಪಿ. ಕೆ. ಪಾಂಡಾ ಅವರು ಸೀಸರಹಿತ ಪೀಜೋ ಪದಾರ್ಥಗಳ ಕುರಿತು 2009ರಲ್ಲಿ ಪ್ರಕಟಿಸಿದ ಸಮೀಕ್ಷಾ ಲೇಖನವು ವಿವಿಧ ಬೆರಕೆಗಳ ಫಲಿತಾಂಶಗಳನ್ನು ಒಂದೆಡೆ ತಂದಿತು. ರಾಜಾಜಿನಗರದಿಂದ ಕೆಲವೇ ಕಿಲೋಮೀಟರ್ ದೂರದ ಭಾರತೀಯ ವಿಜ್ಞಾನ ಸಂಸ್ಥೆಯ ಮೆಟೀರಿಯಲ್ಸ್ ಇಂಜಿನಿಯರಿಂಗ್ ವಿಭಾಗದಲ್ಲಿ ಪ್ರಾಧ್ಯಾಪಕ ರಾಜೀವ್ ರಂಜನ್ ಅವರ ತಂಡವು ಬಿಎನ್‌ಟಿ ಮತ್ತು ಬೇರಿಯಂ ಟೈಟನೇಟ್‌ಗಳ ಹರಳಿನ ರಚನೆಯನ್ನು ಹಲವು ವರ್ಷಗಳಿಂದ ಅಧ್ಯಯನ ಮಾಡುತ್ತಿದೆ.

ಈ ತಂಡದ 2025ರ ಒಂದು ವರದಿ ಖರೀದಿದಾರರಿಗೂ ಉಪಯುಕ್ತ. ಬೆರಕೆಯಿಂದ ಅಸಾಧಾರಣ ಹಿಗ್ಗುವಿಕೆ ಸಾಧ್ಯವಾಯಿತೆಂಬ ಪ್ರಕಟಣೆಗಳು ಹೊರಬರುತ್ತಿದ್ದಾಗ, ಬಿಲ್ಲೆಯನ್ನು ಬಹಳ ತೆಳುವಾಗಿಸಿದಾಗ ಅದು ಬಾಗುವುದೂ ಅಳತೆಯಲ್ಲಿ ಸೇರಿಕೊಳ್ಳುತ್ತದೆ ಎಂಬುದನ್ನು ಅದು ವಿವರಿಸಿತು. ಮಾರಾಟಗಾರನು ತೋರಿಸುವ ಅಂಕ ಎಷ್ಟೇ ದೊಡ್ಡದಿರಲಿ, ಅದು ಎಷ್ಟು ದಪ್ಪದ ಬಿಲ್ಲೆಯಲ್ಲಿ ಅಳೆದದ್ದು ಎಂದು ಕೇಳುವುದು ಅಗತ್ಯ.

ಒಂದು ಕಿಲೋ ಪುಡಿಯ ಲೆಕ್ಕ

ಕಾಗದದ ಮೇಲಿನ ಬೆರಕೆಗೂ ಕಾರ್ಖಾನೆಯ ಬೆರಕೆಗೂ ಇರುವ ಅಂತರವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಪೊಟ್ಯಾಸಿಯಂ ಮತ್ತು ಸೋಡಿಯಂ ಸಮಪಾಲಿನಲ್ಲಿರುವ ಒಂದು ಕಿಲೋ ಕೆಎನ್‌ಎನ್ ಪುಡಿ ತಯಾರಿಸಲು ಸುಮಾರು 773 ಗ್ರಾಂ ನಯೋಬಿಯಂ ಆಕ್ಸೈಡ್, 201 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು 154 ಗ್ರಾಂ ಸೋಡಿಯಂ ಕಾರ್ಬೊನೇಟ್ ಬೇಕು. ಒಟ್ಟು 1,128 ಗ್ರಾಂ. ಇದರಲ್ಲಿ 128 ಗ್ರಾಂ ಇಂಗಾಲದ ಡೈಆಕ್ಸೈಡ್ ಆಗಿ ಕುಲುಮೆಯಲ್ಲಿ ಹೊರಟುಹೋಗುತ್ತದೆ. ಇದಕ್ಕೆ ಅಣುಗಳ ಲೆಕ್ಕದಲ್ಲಿ ನೂರಕ್ಕೆ ಒಂದರಂತೆ ತಾಮ್ರದ ಆಕ್ಸೈಡ್ ಬೆರಸಲು ಬೇಕಾದುದು ಕೇವಲ 4.6 ಗ್ರಾಂ.

ಪೊಟ್ಯಾಸಿಯಂ ಕಾರ್ಬೊನೇಟ್ ಗಾಳಿಯ ತೇವವನ್ನು ಬೇಗ ಹೀರುತ್ತದೆ. ಬೆಂಗಳೂರಿನ ಮಳೆಗಾಲದಲ್ಲಿ ಬಾಯಿ ತೆರೆದಿಟ್ಟ ಡಬ್ಬಿಯ ಪುಡಿಯಲ್ಲಿ ಶೇ. 5ರಷ್ಟು ನೀರು ಸೇರಿದೆ ಎಂದಿಟ್ಟುಕೊಳ್ಳೋಣ. ತಕ್ಕಡಿ 201 ಗ್ರಾಂ ತೋರಿಸಿದರೂ ಅದರಲ್ಲಿ 10 ಗ್ರಾಂ ನೀರೇ. ಪರಿಣಾಮವಾಗಿ ಹರಳಿನ ದೊಡ್ಡ ಲೋಹದ ಸ್ಥಾನಗಳಲ್ಲಿ ನೂರಕ್ಕೆ ಎರಡೂವರೆ ಖಾಲಿ ಬೀಳುತ್ತವೆ. ಬುದ್ಧಿಪೂರ್ವಕವಾಗಿ ಸೇರಿಸಿದ ಬೆರಕೆ ನೂರಕ್ಕೆ ಒಂದು. ಅರಿವಿಲ್ಲದೆ ಆದ ಕೊರತೆ ಅದಕ್ಕಿಂತ ಎರಡೂವರೆ ಪಟ್ಟು. ಇಂತಹ ಬ್ಯಾಚು ಕೆಟ್ಟಾಗ ತಾಮ್ರವನ್ನು ದೂಷಿಸಿ ಫಲವಿಲ್ಲ. ಕಾರ್ಬೊನೇಟ್‌ಗಳನ್ನು ಒಲೆಯಲ್ಲಿ ಒಣಗಿಸಿ, ತೇವ ತಾಗುವ ಮುನ್ನವೇ ತೂಗುವುದು ಯಾವ ದುಬಾರಿ ಬೆರಕೆಗಿಂತಲೂ ಮೊದಲು ಮಾಡಬೇಕಾದ ಕೆಲಸ.

ಅರೆಯುವ ಯಂತ್ರವೂ ಬೆರಕೆ ಮಾಡುತ್ತದೆ. ಉಕ್ಕಿನ ಗುಂಡುಗಳಿಂದ ಅರೆದರೆ ಸವೆದ ಕಬ್ಬಿಣ ಪುಡಿಯಲ್ಲಿ ಸೇರಿ ಗ್ರಾಹಿ ಬೆರಕೆಯಾಗಿ ಕೆಲಸ ಮಾಡುತ್ತದೆ. ಮೃದು ಜಾತಿಯ ಬಿಲ್ಲೆ ಬೇಕಾದವನಿಗೆ ಗಡಸು ಬಿಲ್ಲೆ ಕೈಸೇರುತ್ತದೆ. ಜಿರ್ಕೋನಿಯಾ ಗುಂಡುಗಳನ್ನು ಬಳಸಿದರೂ ಸವೆತದ ಪ್ರಮಾಣವನ್ನು ಗುಂಡುಗಳ ತೂಕದಿಂದ ಆಗಾಗ ಪರೀಕ್ಷಿಸಬೇಕು.

ಕುಲುಮೆಯ ತಾಪ ಮೂರನೆಯ ಕಂಟಕ. ಕೆಎನ್‌ಎನ್ ಸುಮಾರು 1,100 ಡಿಗ್ರಿಯಲ್ಲಿ ಬೆಂದು ಗಟ್ಟಿಯಾಗುತ್ತದೆ. 1,140 ಡಿಗ್ರಿಯ ಹೊತ್ತಿಗೆ ಕರಗಲು ತೊಡಗುತ್ತದೆ. ಅಷ್ಟರಲ್ಲಿ ಪೊಟ್ಯಾಸಿಯಂ, ಸೋಡಿಯಂಗಳು ಆವಿಯಾಗಿ ಹೋಗುವುದೂ ಉಂಟು. ಕುಲುಮೆಯ ಒಂದು ಮೂಲೆಗೂ ಮತ್ತೊಂದು ಮೂಲೆಗೂ 20 ಡಿಗ್ರಿ ವ್ಯತ್ಯಾಸವಿದ್ದರೆ ಒಂದೇ ಬ್ಯಾಚಿನಲ್ಲಿ ಎರಡು ಬಗೆಯ ಬಿಲ್ಲೆ ದೊರೆಯುತ್ತದೆ. ತಾಮ್ರದ ಬೆರಕೆ ಬೇಯುವ ತಾಪವನ್ನು ಇಳಿಸುವುದರಿಂದ ಈ ಇಕ್ಕಟ್ಟು ಸಡಿಲವಾಗುತ್ತದೆ. ಸಣ್ಣ ತಯಾರಕನಿಗೆ ಡೋಪಿಂಗ್‌ನ ನಿಜವಾದ ಲಾಭ ಡಿ33 ಅಂಕದ ಏರಿಕೆಗಿಂತ ಹೆಚ್ಚಾಗಿ ಇಂತಹ ಕಡೆ ಅಡಗಿದೆ.

ವೆಚ್ಚ ಎಲ್ಲಿ ಬೀಳುತ್ತದೆ?

ನಯೋಬಿಯಂ ಆಕ್ಸೈಡ್ ಸೀಸದ ಆಕ್ಸೈಡ್‌ಗಿಂತ ಬಹಳ ದುಬಾರಿ. ಜಗತ್ತಿನ ನಯೋಬಿಯಂನ ಬಹುಪಾಲು ಬ್ರೆಜಿಲ್ ಒಂದರಿಂದಲೇ ಬರುತ್ತದೆ. ಆದರೆ ಕಿಲೋ ಬೆಲೆಯನ್ನು ಮಾತ್ರ ನೋಡಿ ಹೋಲಿಸುವುದು ತಪ್ಪು. ಒಂದು ಘನ ಸೆಂಟಿಮೀಟರ್ ಪಿಜಡ್‌ಟಿ ಸುಮಾರು 7.7 ಗ್ರಾಂ ತೂಗಿದರೆ ಕೆಎನ್‌ಎನ್ 4.5 ಗ್ರಾಂ ಮಾತ್ರ. ಒಂದೇ ಅಳತೆಯ ಬಿಲ್ಲೆಗಳು ಒಂದು ಕಿಲೋ ಪಿಜಡ್‌ಟಿಯಲ್ಲಿ 100 ಆದರೆ ಕೆಎನ್‌ಎನ್‌ನಲ್ಲಿ ಸುಮಾರು 170 ಆಗುತ್ತವೆ. ಹೋಲಿಕೆ ಬಿಲ್ಲೆಯ ಲೆಕ್ಕದಲ್ಲಿ ನಡೆಯಬೇಕು.

ಅದಕ್ಕಿಂತಲೂ ಮುಖ್ಯವಾದುದು ತಿರಸ್ಕೃತ ಸರಕಿನ ಲೆಕ್ಕ. ಒಂದು ಕಾಲ್ಪನಿಕ ಉದಾಹರಣೆ: 1,000 ಬಿಲ್ಲೆಗಳ ಬ್ಯಾಚಿಗೆ ಎಲ್ಲ ಖರ್ಚು ಸೇರಿ ರೂ. 10,000 ಆಯಿತು. 900 ಬಿಲ್ಲೆ ಒಳ್ಳೆಯವಾದರೆ ಒಂದರ ವೆಚ್ಚ ರೂ. 11.11. 600 ಮಾತ್ರ ಒಳ್ಳೆಯವಾದರೆ ರೂ. 16.67. ಬೆರಕೆಗೆಂದು ಬ್ಯಾಚಿಗೆ ರೂ. 500 ಹೆಚ್ಚು ಖರ್ಚಾಗಿ ಒಳ್ಳೆಯ ಬಿಲ್ಲೆಗಳು 600ರಿಂದ 800ಕ್ಕೆ ಏರಿದರೆ ವೆಚ್ಚ ರೂ. 13.13ಕ್ಕೆ ಇಳಿಯುತ್ತದೆ. ಬೆರಕೆಯ ಯೋಗ್ಯತೆಯನ್ನು ಅಳೆಯಬೇಕಾದುದು ಈ ಅಂಕಿಯಿಂದ.

ಲೆಕ್ಕಪತ್ರದಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ದಾಸ್ತಾನಿನ ಮೌಲ್ಯಮಾಪನಕ್ಕೆ ಸಂಬಂಧಿಸಿದ ಲೆಕ್ಕಪತ್ರ ಮಾನದಂಡ 2ರ ಪ್ರಕಾರ ಅಸಹಜ ಪ್ರಮಾಣದ ನಷ್ಟವನ್ನು ದಾಸ್ತಾನಿನ ವೆಚ್ಚಕ್ಕೆ ಸೇರಿಸುವಂತಿಲ್ಲ. ಅದು ಆ ವರ್ಷದ ಖರ್ಚು. ಹಾಳಾದ ಪ್ರಯೋಗದ ಬ್ಯಾಚುಗಳನ್ನು ಮುಗಿದ ಸರಕಿನ ಬೆಲೆಯಲ್ಲಿ ತುಂಬಿದರೆ ಲಾಭ ಕಾಗದದ ಮೇಲೆ ಮಾತ್ರ ಉಳಿಯುತ್ತದೆ. ಎರಡನೆಯದಾಗಿ, ಮಾನದಂಡ 26ರಂತೆ ಸಂಶೋಧನೆಯ ಹಂತದ ವೆಚ್ಚವನ್ನು ಆಸ್ತಿಯೆಂದು ತೋರಿಸಲಾಗದು. ಅಭಿವೃದ್ಧಿಯ ಹಂತದ ವೆಚ್ಚವನ್ನು ನಿಗದಿತ ಷರತ್ತುಗಳು ಈಡೇರಿದಾಗ ಮಾತ್ರ ತೋರಿಸಬಹುದು. ಮಾನ್ಯತೆ ಪಡೆದ ಆಂತರಿಕ ಸಂಶೋಧನೆಗೆ ಕಂಪನಿಗಳಿಗೆ ಒಂದು ಕಾಲದಲ್ಲಿ ದೊರೆಯುತ್ತಿದ್ದ ಶೇ. 200ರ ಆದಾಯ ತೆರಿಗೆ ಕಡಿತವು 2017ರ ಏಪ್ರಿಲ್‌ನಿಂದ ಶೇ. 150ಕ್ಕೂ, 2020ರ ಏಪ್ರಿಲ್‌ನಿಂದ ಶೇ. 100ಕ್ಕೂ ಇಳಿಯಿತು. ಆದ್ದರಿಂದ ಪ್ರಯೋಗವು ತೆರಿಗೆಯ ಆಸರೆಯಿಲ್ಲದೆ ತನ್ನ ಕಾಲ ಮೇಲೆ ತಾನು ನಿಲ್ಲಬೇಕು.

ಉದ್ಯಮಿಗಳು ಗಮನಿಸಬೇಕಾದ ಅಂಶಗಳು

1. ಮೊದಲು ಉಪಯೋಗವನ್ನು ನಿರ್ಧರಿಸಬೇಕು. ಸೆನ್ಸರ್‌ಗೆ ಮೃದು ಜಾತಿ, ತೊಳೆಯುವ ತೊಟ್ಟಿ ಮತ್ತು ವೆಲ್ಡಿಂಗ್ ಸಾಧನಗಳಿಗೆ ಗಡಸು ಜಾತಿ ಬೇಕು. ಡಿ33 ಅಂಕವೊಂದನ್ನೇ ನೋಡಿ ಕೊಳ್ಳಬಾರದು.

2. ಮಾದರಿ ಬಿಲ್ಲೆ ತರಿಸಿದಾಗ ಡಿ33, ಯಾಂತ್ರಿಕ ಗುಣಾಂಕ, ಧ್ರುವೀಕರಣ ಸಡಿಲಗೊಳ್ಳುವ ತಾಪ, ಬಿಲ್ಲೆಯ ದಪ್ಪ ಈ ನಾಲ್ಕನ್ನೂ ಬರಹದಲ್ಲಿ ಕೇಳಬೇಕು. ತಿಂಗಳು ಕಳೆದ ಮೇಲೆ ಅದೇ ಬಿಲ್ಲೆಯನ್ನು ಮತ್ತೊಮ್ಮೆ ಅಳೆಯಬೇಕು.

3. ಹಳೆಯ ವಿದ್ಯುನ್ಮಾನ ಮಂಡಲದಲ್ಲಿ ಹೊಸ ಬಿಲ್ಲೆಯನ್ನು ಹಾಗೆಯೇ ಕೂರಿಸಬಾರದು. ಕೆಪಾಸಿಟೆನ್ಸ್ ಮತ್ತು ಅನುರಣನದ ಆವರ್ತನ ಎರಡೂ ಬದಲಾಗುವುದರಿಂದ ಚಾಲಕ ಮಂಡಲದ ಮರುವಿನ್ಯಾಸದ ವೆಚ್ಚವನ್ನೂ ಸೇರಿಸಿ ಲೆಕ್ಕ ಹಾಕಬೇಕು.

4. ತಯಾರಕರು ಪ್ರತಿ ಬ್ಯಾಚಿಗೂ ಒಂದು ಪುಟ ಮೀಸಲಿಟ್ಟು ಕಚ್ಚಾಮಾಲಿನ ಲಾಟ್ ಸಂಖ್ಯೆ, ಒಣಗಿಸಿದ ತೂಕ, ಬೆರಕೆ, ಕುಲುಮೆಯ ತಾಪ, ಒಳ್ಳೆಯ ಬಿಲ್ಲೆಗಳ ಸಂಖ್ಯೆ ದಾಖಲಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು.

5. ಸೀಸರಹಿತವೆಂದ ಮಾತ್ರಕ್ಕೆ ನಿರಪಾಯವೆಂದು ಜಾಹೀರಾತು ಮಾಡಬಾರದು. ಆಂಟಿಮನಿಯೂ ವಿಷಕಾರಿಯೇ. ನಯೋಬಿಯಂ ಗಣಿಗಾರಿಕೆ ಮತ್ತು ಸಂಸ್ಕರಣೆಯನ್ನು ಲೆಕ್ಕಕ್ಕೆ ತಂದರೆ ಕೆಎನ್‌ಎನ್‌ನ ಪರಿಸರ ಹೊರೆ ಹಲವು ವಿಷಯಗಳಲ್ಲಿ ಪಿಜಡ್‌ಟಿಗಿಂತ ಹೆಚ್ಚೆಂದು 2016ರ ಒಂದು ಅಧ್ಯಯನ ತಿಳಿಸಿದೆ.

ಪಿಜಡ್‌ಟಿ ಇಂದಿನ ಮಟ್ಟಕ್ಕೆ ಬಂದುದು 1950ರ ದಶಕದಿಂದ ಆರಂಭಿಸಿ ಹತ್ತಾರು ವರ್ಷ ಬೆರಕೆಗಳನ್ನು ಒಂದೊಂದಾಗಿ ಪರೀಕ್ಷಿಸಿದ ಫಲವಾಗಿ. ಸೀಸರಹಿತ ಬಿಲ್ಲೆಗೂ ಅದೇ ತಾಳ್ಮೆ ಬೇಕು. ವಿನಾಯಿತಿ ಮುಗಿದ ಮರುದಿನ ಪ್ರಯೋಗ ಆರಂಭಿಸುವವನು ಆರ್ಡರ್ ಕಳೆದುಕೊಳ್ಳುತ್ತಾನೆ. ಅಂಕಿಗಳಿಗೆ ಮರುಳಾಗಿ ಇಂದೇ ಎಲ್ಲವನ್ನೂ ಬದಲಿಸುವವನು ಬಂಡವಾಳ ಕಳೆದುಕೊಳ್ಳುತ್ತಾನೆ. ಒಂದು ಉತ್ಪನ್ನ, ಒಂದು ಪದಾರ್ಥ, ಒಂದು ಬೆರಕೆ ಎಂಬ ಕ್ರಮದಲ್ಲಿ ಈಗಲೇ ಸಣ್ಣ ಪ್ರಮಾಣದಲ್ಲಿ ತೊಡಗಿ, ಪ್ರತಿ ಬ್ಯಾಚಿನ ಲೆಕ್ಕವನ್ನು ಶಿಸ್ತಿನಿಂದ ಇಡುವ ಘಟಕಕ್ಕೆ ಈ ಬದಲಾವಣೆ ಹೊಸ ಮಾರುಕಟ್ಟೆಯನ್ನು ತೆರೆದುಕೊಡಬಲ್ಲದು.